ಒಲೆಗೆ ಬಿದ್ದ ಪಟ್ಟಿ

1919ರ ಅಕ್ಟೋಬರ್ ತಿಂಗಳಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರವೈದ್ಯರ ಸಂಸ್ಥೆಯ ಸಭೆ ಸೇರಿತ್ತು. ಸಂಸ್ಥೆ ಹುಟ್ಟಿ ಆಗಿನ್ನೂ ಆರು ವರ್ಷ. ಹಿಂದಿನ ವರ್ಷ ಅದು ಅಮೆರಿಕ ಮತ್ತು ಕೆನಡಾದ ದೊಡ್ಡ ಆಸ್ಪತ್ರೆಗಳ ತಪಾಸಣೆಗೆ ತನ್ನ ಜನರನ್ನು ಕಳಿಸಿತ್ತು. ನೂರು ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಗಳಿದ್ದ 692 ಆಸ್ಪತ್ರೆಗಳನ್ನು ನೋಡಿ ಬಂದಿದ್ದರು. ಅಳತೆಗೋಲು ಒಂದು ಪುಟದಲ್ಲಿ ಮುಗಿಯುವಷ್ಟು ಚಿಕ್ಕದು. ಅದರಲ್ಲಿ ಪಾಸಾದವು 89 ಮಾತ್ರ. ಫೇಲಾದವುಗಳಲ್ಲಿ ದೇಶದ ಹೆಸರಾಂತ ಆಸ್ಪತ್ರೆಗಳೂ ಇದ್ದವು. ಪಟ್ಟಿ ಪತ್ರಿಕೆಯವರ ಕೈಗೆ ಸಿಕ್ಕರೆ ಗತಿಯೇನು ಎಂದು ಹೆದರಿದ ಸಂಸ್ಥೆಯ ಹಿರಿಯರು ಅದನ್ನು ಹೋಟೆಲಿನ ಒಲೆಗೆ ಹಾಕಿ ಸುಟ್ಟರು. ಸಭೆಯಲ್ಲಿ ಎಷ್ಟು ಆಸ್ಪತ್ರೆ ಪಾಸಾದವು ಎಂಬುದನ್ನು ಹೇಳಿದರು. ಯಾವುವು ಎಂಬುದನ್ನು ಹೇಳಲಿಲ್ಲ.

ಆಸ್ಪತ್ರೆಗಳ ಗುಣಮಟ್ಟ ಅಳೆಯುವ ಆಧುನಿಕ ವ್ಯವಸ್ಥೆಯ ಇತಿಹಾಸ ಬರೆಯುವವರೆಲ್ಲ ಈ ಘಟನೆಯನ್ನು ಸ್ವಲ್ಪ ನಗುತ್ತಲೇ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು ಪಟ್ಟಿ ಸುಟ್ಟ ಸಂಗತಿಗಿಂತ, ಆ ಪಟ್ಟಿ ತಯಾರಿಸುವಾಗ ಕೇಳಿದ ಪ್ರಶ್ನೆಗಳು. ಆ ಒಂದು ಪುಟದಲ್ಲಿ ಇದ್ದದ್ದು ಇಷ್ಟು: ಆಸ್ಪತ್ರೆಯ ವೈದ್ಯರದೊಂದು ಸಂಘಟಿತ ಬಳಗ ಇರಬೇಕು. ಅವರು ಸರಿಯಾಗಿ ಓದಿದವರೂ ನಡತೆಯುಳ್ಳವರೂ ಆಗಿರಬೇಕು, ರೋಗಿಯನ್ನು ಕಳಿಸಿಕೊಟ್ಟವರ ಜೊತೆ ಶುಲ್ಕ ಹಂಚಿಕೊಳ್ಳುವ ಪದ್ಧತಿ ಇರಬಾರದು. ತಿಂಗಳಿಗೊಮ್ಮೆಯಾದರೂ ಸೇರಿ ತಮ್ಮ ಕೆಲಸವನ್ನು ತಾವೇ ಪರಿಶೀಲಿಸಬೇಕು. ಪ್ರತಿ ರೋಗಿಯ ಕೇಸ್ ಶೀಟ್ ಪೂರ್ತಿಯಾಗಿ ಬರೆದಿಡಬೇಕು. ಪ್ರಯೋಗಾಲಯ ಮತ್ತು ಎಕ್ಸ್‌-ರೇ ಸೌಲಭ್ಯ ಇರಬೇಕು. ಇಷ್ಟೂ ಇಲ್ಲದೆ 600 ದೊಡ್ಡ ಆಸ್ಪತ್ರೆಗಳು ನಡೆಯುತ್ತಿದ್ದವು ಎಂದರೆ ಅದು ಸಣ್ಣ ಮಾತಲ್ಲ. ಈ ಕನಿಷ್ಠ ಮಾನದಂಡದಿಂದ ಆದ ಉಪಕಾರವೂ ಸಣ್ಣದಲ್ಲ. 1950ರ ಹೊತ್ತಿಗೆ ಮೂರು ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಇದರಡಿ ಮಾನ್ಯತೆ ಪಡೆದಿದ್ದವು.

ಆದರೆ ಈ ಕೆಲಸಕ್ಕೆ ಮೊದಲು ಕಿಡಿ ಹಚ್ಚಿದ ಮನುಷ್ಯ ಕೇಳಿದ್ದ ಪ್ರಶ್ನೆ ಬೇರೆಯಾಗಿತ್ತು. ಆತನ ಹೆಸರು ಅರ್ನೆಸ್ಟ್ ಅಮೋರಿ ಕಾಡ್‌ಮನ್, ಬಾಸ್ಟನ್ನಿನ ಸರ್ಜನ್. ಆತ ಕೇಳಿದ್ದು: ಆಪರೇಶನ್ ಆದ ಮೇಲೆ ರೋಗಿಗೆ ಕೊನೆಗೆ ಏನಾಯಿತು? ಡಿಸ್ಚಾರ್ಜ್ ಆದ ದಿನ ಹೇಗಿದ್ದ ಎಂದಷ್ಟೇ ಕೇಳಿದರೆ ಸಾಲದು, ಒಂದು ವರ್ಷ ಕಳೆದ ಮೇಲೆ ಹೇಗಿದ್ದಾನೆ? ಗುಣವಾಗದಿದ್ದರೆ ಯಾಕೆ ಆಗಲಿಲ್ಲ?

ಕಾಡ್‌ಮನ್ 1869ರಲ್ಲಿ ಹುಟ್ಟಿದ, ಹಾರ್ವರ್ಡಿನಲ್ಲಿ ವೈದ್ಯಕೀಯ ಓದಿದ. ವಿದ್ಯಾರ್ಥಿಯಾಗಿದ್ದಾಗ ಆತನೂ, ಮುಂದೆ ಮಿದುಳಿನ ಶಸ್ತ್ರಚಿಕಿತ್ಸೆಗೆ ಹೆಸರಾದ ಹಾರ್ವೆ ಕುಶಿಂಗನೂ ಒಟ್ಟಿಗೆ ರೋಗಿಗಳಿಗೆ ಈಥರ್ ಕೊಡುವ ಕೆಲಸ ಮಾಡುತ್ತಿದ್ದರು. ಆಗ ಅರಿವಳಿಕೆ ಕೊಡುವುದನ್ನು ಪ್ರತ್ಯೇಕವಾಗಿ ಕಲಿಸುತ್ತಿರಲಿಲ್ಲ, ಕೈಗೆ ಸಿಕ್ಕ ವಿದ್ಯಾರ್ಥಿಗೆ ಹೇಳುತ್ತಿದ್ದರು. ಕುಶಿಂಗ್ ಈಥರ್ ಕೊಟ್ಟ ರೋಗಿಯೊಬ್ಬ ಮೇಜಿನ ಮೇಲೆಯೇ ತೀರಿಕೊಂಡ. ಆ ಆಘಾತದ ನಂತರ ಯಾರು ಚೆನ್ನಾಗಿ ಈಥರ್ ಕೊಡುತ್ತಾರೋ ನೋಡೋಣ ಎಂದು ಇಬ್ಬರೂ ಒಂದು ಊಟದ ಪಂದ್ಯ ಕಟ್ಟಿಕೊಂಡರು. ಗೆದ್ದವರು ಯಾರೆಂದು ಗೊತ್ತಾಗಲು ದಾಖಲೆ ಬೇಕಲ್ಲ? ಆಪರೇಶನ್ ನಡೆಯುವಾಗ ರೋಗಿಯ ನಾಡಿ ಬಡಿತ, ಉಸಿರಾಟಗಳನ್ನು ಹೊತ್ತುಹೊತ್ತಿಗೆ ಕಾಗದದ ಮೇಲೆ ಗುರುತು ಹಾಕತೊಡಗಿದರು. ಇವತ್ತು ಯಾವುದೇ ಆಪರೇಶನ್ ಕೋಣೆಯಲ್ಲಿ ಕಾಣುವ ಅರಿವಳಿಕೆಯ ಚಾರ್ಟಿಗೆ 1894–95ರ ಈ ಕಾಗದಗಳು ಪೂರ್ವಜರು. ಕೆಲಸದ ಒಳ್ಳೆಯದು ಕೆಟ್ಟದ್ದು ಬರೆದಿಟ್ಟಾಗಲೇ ಕಣ್ಣಿಗೆ ಬೀಳುತ್ತದೆ ಎಂಬ ಪಾಠ ಕಾಡ್‌ಮನ್ನನಿಗೆ ಅಲ್ಲಿಂದಲೇ ಸಿಕ್ಕಿರಬೇಕು.

ಮುಂದೆ ಮಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸರ್ಜನ್ ಆದ ಮೇಲೆ ಆತ ಒಂದು ಕಾರ್ಡು ತಯಾರಿಸಿದ. ಅಂಗೈಯಗಲದ ಆ ಕಾರ್ಡಿನಲ್ಲಿ ರೋಗಿಯ ಲಕ್ಷಣ, ವೈದ್ಯರು ಮೊದಲು ಏನೆಂದುಕೊಂಡರು, ಏನು ಮಾಡಿದರು, ಆಸ್ಪತ್ರೆಯಲ್ಲಿದ್ದಾಗ ಯಾವ ತೊಂದರೆ ಎದುರಾಯಿತು, ಬಿಡುಗಡೆಯ ಹೊತ್ತಿಗೆ ರೋಗನಿರ್ಣಯ ಏನಾಗಿತ್ತು, ವರ್ಷದ ನಂತರದ ಸ್ಥಿತಿ ಏನು ಎಂಬ ಸಾಲುಗಳಿದ್ದವು. ಫಲಿತಾಂಶ ಕೆಟ್ಟಿದ್ದರೆ ಕಾರಣವನ್ನು ವಿಂಗಡಿಸಿ ಬರೆಯಬೇಕು: ವೈದ್ಯರ ಜ್ಞಾನ ಅಥವಾ ಕೈಚಳಕದ ಕೊರತೆಯೇ, ವಿವೇಚನೆಯ ತಪ್ಪೇ, ಆರೈಕೆ ಅಥವಾ ಸಲಕರಣೆಯ ಕೊರತೆಯೇ, ರೋಗ ಪತ್ತೆಯಲ್ಲಿ ಎಡವಿದ್ದೇ, ರೋಗಿಯೇ ಚಿಕಿತ್ಸೆ ಬೇಡವೆಂದನೇ, ಅಥವಾ ಯಾರ ಕೈಯಲ್ಲೂ ಇಲ್ಲದ ಆಪತ್ತೇ. ಇದಕ್ಕೆ ಆತ ‘ಅಂತಿಮ ಫಲಿತಾಂಶ’ದ ಪದ್ಧತಿ ಎಂದು ಹೆಸರಿಟ್ಟ. ಹಿರಿತನದ ಮೇಲೆ ಸರ್ಜನ್‌ಗಳಿಗೆ ಬಡ್ತಿ ಕೊಡುವುದನ್ನು ಬಿಟ್ಟು ಈ ಕಾರ್ಡುಗಳ ಮೇಲೆ ಕೊಡಿ ಎಂದು ಆಸ್ಪತ್ರೆಯ ಆಡಳಿತವನ್ನು ಒತ್ತಾಯಿಸಿದ. ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. 1914ರಲ್ಲಿ ಆತ ರಾಜೀನಾಮೆ ಕೊಟ್ಟ. ಕೊಟ್ಟವನು ಸುಮ್ಮನಿರದೆ, ನನ್ನ ಫಲಿತಾಂಶಗಳು ಉಳಿದವರಿಗಿಂತ ಉತ್ತಮವಾಗಿವೆ, ಆದ್ದರಿಂದ ನನ್ನನ್ನು ಮುಖ್ಯ ಸರ್ಜನ್ ಮಾಡಿ ಎಂದು ಅರ್ಜಿಯನ್ನೂ ಹಾಕಿದ.

ಅದಕ್ಕೂ ಮೊದಲೇ, 1911ರಲ್ಲಿ ಆತ ಬಾಸ್ಟನ್ನಿನಲ್ಲಿ ತನ್ನದೇ ಚಿಕ್ಕ ಆಸ್ಪತ್ರೆ ತೆರೆದಿದ್ದ. ಅಲ್ಲಿಂದ 1916ರವರೆಗೆ ಬಿಡುಗಡೆಯಾದ 337 ರೋಗಿಗಳ ಲೆಕ್ಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದ. ಅದರಲ್ಲಿ 123 ತಪ್ಪುಗಳನ್ನು ಒಂದೊಂದಾಗಿ ಗುರುತಿಸಿದ್ದ, ತನ್ನ ಕೈಯಿಂದಲೇ ಆದವನ್ನೂ ಸೇರಿಸಿ. ನೂರು ವರ್ಷ ಕಳೆದರೂ ಇಂಥದೊಂದು ಪುಸ್ತಕವನ್ನು ತಾನಾಗಿ ಪ್ರಕಟಿಸಿದ ಆಸ್ಪತ್ರೆಗಳನ್ನು ಹುಡುಕಲು ಕಷ್ಟಪಡಬೇಕು.

1915ರ ಜನವರಿಯಲ್ಲಿ ಬಾಸ್ಟನ್ನಿನ ವೈದ್ಯರ ಸಭೆಯೊಂದನ್ನು ಕಾಡ್‌ಮನ್ ಏರ್ಪಡಿಸಿದ. ಆಸ್ಪತ್ರೆಗಳ ದಕ್ಷತೆಯ ಕುರಿತು ಚರ್ಚೆ, ನಗರದ ಮೇಯರ್ ಕೂಡ ಬಂದಿದ್ದರು. ಕೊನೆಯಲ್ಲಿ ಆತ ದೊಡ್ಡದೊಂದು ವ್ಯಂಗ್ಯಚಿತ್ರ ಬಿಡಿಸಿ ತೋರಿಸಿದ. ಅದರಲ್ಲಿ ಬಾಸ್ಟನ್ನಿನ ಶ್ರೀಮಂತರು ಮರಳಿನಲ್ಲಿ ತಲೆ ಹುದುಗಿಸಿಕೊಂಡ ಉಷ್ಟ್ರಪಕ್ಷಿಯಾಗಿದ್ದರು. ಪಕ್ಷಿ ಇಡುವ ಚಿನ್ನದ ಮೊಟ್ಟೆಗಳು ವೈದ್ಯರ ಪಾಲಾಗುತ್ತಿದ್ದವು. ಸತ್ಯ ಹೇಳಿದರೆ ಪಕ್ಷಿ ಮೊಟ್ಟೆ ಇಡುವುದನ್ನು ನಿಲ್ಲಿಸೀತೇ ಎಂದು ಆಸ್ಪತ್ರೆಯ ಧರ್ಮದರ್ಶಿಗಳೂ ಹಾರ್ವರ್ಡಿನ ಅಧ್ಯಕ್ಷರೂ ಯೋಚಿಸುತ್ತಿದ್ದರು. ಸಭೆಯಲ್ಲಿ ಗದ್ದಲವೆದ್ದಿತು. ವೈದ್ಯಸಂಘದ ಶಸ್ತ್ರಚಿಕಿತ್ಸಾ ವಿಭಾಗದ ಅಧ್ಯಕ್ಷಗಿರಿ ಬಿಡುವಂತೆ ಹೇಳಿದರು, ಹಾರ್ವರ್ಡಿನ ಬೋಧಕನ ಹುದ್ದೆಯೂ ಹೋಯಿತು. ರೋಗಿಗಳನ್ನು ಆತನ ಬಳಿ ಕಳಿಸುತ್ತಿದ್ದ ಸಹವೈದ್ಯರು ಕಡಿಮೆಯಾದರು. 1917ರ ಕೊನೆಯಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಭಾರೀ ಸ್ಫೋಟವಾದಾಗ ಗಾಯಾಳುಗಳ ಚಿಕಿತ್ಸೆಗೆ ಹೋದ ಆತ ಆಮೇಲೆ ಸೇನೆಗೆ ಸೇರಿದ. ಸಾಲದಲ್ಲಿದ್ದ ಆಸ್ಪತ್ರೆ ಮುಚ್ಚಿಹೋಯಿತು.

ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಆಸ್ಪತ್ರೆಗಳ ಮಾನದಂಡ ರೂಪಿಸಲು ಸಮಿತಿ ಮಾಡಿದಾಗ ಅದಕ್ಕೆ ಮೊದಲ ಅಧ್ಯಕ್ಷನಾಗಿದ್ದವನು ಇದೇ ಕಾಡ್‌ಮನ್. ಆತನ ಕಾರ್ಡಿನ ನೆರಳು ಆ ಒಂದು ಪುಟದಲ್ಲಿ ಇದ್ದೇ ಇದೆ. ಪೂರ್ತಿಯಾದ ಕೇಸ್ ಶೀಟ್ ಎಂದರೇನು ಎಂದು ವಿವರಿಸುವ ಉದ್ದನೆಯ ಸಾಲಿನ ತುದಿಯಲ್ಲಿ, ಬಿಡುಗಡೆಯ ನಂತರ ರೋಗಿಯ ವಿಚಾರಣೆಯೂ ಸೇರಿರಬೇಕೆಂಬ ಒಂದು ಮಾತು ಬರುತ್ತದೆ. ಬಿಟ್ಟುಹೋದದ್ದು ಮಿಕ್ಕ ಭಾಗ: ಆ ಫಲಿತಾಂಶಗಳನ್ನು ಕೂಡಿಸಿ, ಹೋಲಿಸಿ, ಜನರೆದುರು ಇಡುವುದು. ಕೇಸ್ ಶೀಟ್ ಇದೆಯೇ ಎಂದು ತಪಾಸಣೆಗೆ ಬಂದವರು ಕೇಳಬಲ್ಲರು. ಅದರಲ್ಲಿ ಬರೆದದ್ದರಿಂದ ಏನು ತಿಳಿಯಿತು ಎಂದು ಕೇಳಿದರೆ ಯಾರದೋ ಹೆಸರು ಹೊರಗೆ ಬರುತ್ತದೆ. ಮೊದಲಿನ ಪ್ರಶ್ನೆಗೇ ಪಟ್ಟಿ ಸುಡಬೇಕಾಗಿ ಬಂದ ಕಾಲದಲ್ಲಿ ಎರಡನೆಯದನ್ನು ಕೇಳುವುದು ಸಾಧ್ಯವಿರಲಿಲ್ಲ.

ಇಲ್ಲಿ ಕಾಡ್‌ಮನ್ನನ ವಿರೋಧಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಫಲಿತಾಂಶ ಎಣಿಸುವುದು ನಾವಂದುಕೊಂಡಷ್ಟು ಸುಲಭವಲ್ಲ. ಆತನಿಗಿಂತ ಅರ್ಧ ಶತಮಾನ ಮೊದಲು ಇಂಗ್ಲೆಂಡಿನಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದೇ ದಾರಿಯಲ್ಲಿ ಎಡವಿದ್ದರು. ಎಲ್ಲ ಆಸ್ಪತ್ರೆಗಳೂ ಒಂದೇ ನಮೂನೆಯಲ್ಲಿ ಲೆಕ್ಕ ಇಡಬೇಕು, ಆಗಲೇ ಹೋಲಿಸಲು ಸಾಧ್ಯ ಎಂದು 1860ರಿಂದ ಅವರು ಪಟ್ಟು ಹಿಡಿದಿದ್ದರು. ಆಸ್ಪತ್ರೆಗಳ ಕುರಿತ ಅವರ ಪುಸ್ತಕದ 1863ರ ಆವೃತ್ತಿಯಲ್ಲಿ, ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಒದಗಿಸಿದ ಕೋಷ್ಟಕವೊಂದಿದೆ. ಅದರ ಪ್ರಕಾರ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ 90.84. ಓದಿದವರು ಬೆಚ್ಚಿಬಿದ್ದರು. ಆದರೆ ಆ ಲೆಕ್ಕದಲ್ಲಿ ಭಾಗಿಸಿದ್ದು ವರ್ಷವಿಡೀ ಬಂದ ರೋಗಿಗಳ ಸಂಖ್ಯೆಯಿಂದಲ್ಲ. 1861ರ ಏಪ್ರಿಲ್ 8ರಂದು, ಅಂದರೆ ಜನಗಣತಿಯ ದಿನ, ಆಸ್ಪತ್ರೆಯಲ್ಲಿದ್ದ ರೋಗಿಗಳ ಸಂಖ್ಯೆಯಿಂದ. ಒಂದೇ ಹಾಸಿಗೆಯಲ್ಲಿ ವರ್ಷಕ್ಕೆ ಎಷ್ಟೋ ಜನ ಮಲಗಿ ಎದ್ದು ಹೋಗುತ್ತಾರೆ. ಜೊತೆಗೆ ಅಪಘಾತಕ್ಕೆ ಸಿಕ್ಕವರು, ಸಾಯುವ ಸ್ಥಿತಿಯಲ್ಲಿರುವವರು ಬರುವುದೂ ದೊಡ್ಡ ಊರಿನ ಆಸ್ಪತ್ರೆಗೇ. ವೈದ್ಯಕೀಯ ಪತ್ರಿಕೆಗಳು ಈ ದೋಷಗಳನ್ನು ಹಿಡಿದು ಟೀಕಿಸಿದವು, ಅವರ ವಾದದಲ್ಲಿ ಹುರುಳಿತ್ತು.

ನಮ್ಮಲ್ಲೂ ಜಿಲ್ಲಾಸ್ಪತ್ರೆಯ ವೈದ್ಯರನ್ನು ಕೇಳಿದರೆ ಇದೇ ಮಾತು ಬರುತ್ತದೆ. ಖಾಸಗಿಯವರು ಕೈಚೆಲ್ಲಿದ ಕೇಸುಗಳು ನಡುರಾತ್ರಿ ನಮ್ಮ ಬಾಗಿಲಿಗೆ ಬರುತ್ತವೆ, ಸಾವು ನಮ್ಮ ಲೆಕ್ಕಕ್ಕೆ ಸೇರುತ್ತದೆ ಎನ್ನುತ್ತಾರೆ. ಅದು ನಿಜ. ಹಾಗಾಗಿ ಬರಿಯ ಸಾವಿನ ಸಂಖ್ಯೆ ಹಿಡಿದು ಆಸ್ಪತ್ರೆಗಳಿಗೆ ಅಂಕ ಕೊಟ್ಟರೆ, ಕಷ್ಟದ ರೋಗಿಯನ್ನು ಸೇರಿಸಿಕೊಳ್ಳದಿರುವುದೇ ಒಳ್ಳೆಯ ಅಂಕಕ್ಕೆ ದಾರಿಯಾಗುತ್ತದೆ.

ಈ ಇಕ್ಕಟ್ಟಿಗೆ ಒಂದು ಚೌಕಟ್ಟು ಸಿಕ್ಕಿದ್ದು 1966ರಲ್ಲಿ. ಬೈರೂತಿನಲ್ಲಿ ಹುಟ್ಟಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ಅವೇದಿಸ್ ಡೊನಬೇಡಿಯನ್ ಆ ವರ್ಷ ಒಂದು ಪ್ರಬಂಧ ಬರೆದರು. ಚಿಕಿತ್ಸೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದು ಎಂದರು. ಒಂದು ರಚನೆ: ಕಟ್ಟಡ, ಹಾಸಿಗೆ, ಸಿಬ್ಬಂದಿ, ಔಷಧ. ಎರಡು ಪ್ರಕ್ರಿಯೆ: ರೋಗಿಗೆ ಮಾಡಬೇಕಾದದ್ದನ್ನು ಮಾಡಬೇಕಾದ ಹಾಗೆ ಮಾಡಿದರೇ. ಮೂರು ಫಲಿತಾಂಶ: ರೋಗಿಗೆ ಏನಾಯಿತು. ಇವತ್ತು ಜಗತ್ತಿನ ಯಾವುದೇ ಆಸ್ಪತ್ರೆಯ ಗುಣಮಟ್ಟದ ಕೈಪಿಡಿ ತೆರೆದರೂ ಈ ಮೂರು ಮಾತು ಕಾಣುತ್ತವೆ. ನಮ್ಮ ದೇಶದಲ್ಲಿ ಸರ್ಕಾರಿ ಆಸ್ಪತ್ರೆಗಳಿಗೆ 2013ರಲ್ಲಿ ಬಂದ ರಾಷ್ಟ್ರೀಯ ಗುಣಮಟ್ಟ ಖಾತ್ರಿ ಮಾನದಂಡವೂ ಇದೇ ತಳಹದಿಯ ಮೇಲೆ ನಿಂತಿದೆ. ಅದರಲ್ಲಿ ಎಂಟು ವಿಭಾಗಗಳಿವೆ: ಸೇವೆಗಳ ಲಭ್ಯತೆ, ರೋಗಿಯ ಹಕ್ಕು, ಸಂಪನ್ಮೂಲ, ಪೂರಕ ಸೇವೆ, ಚಿಕಿತ್ಸೆ, ಸೋಂಕು ನಿಯಂತ್ರಣ, ಗುಣಮಟ್ಟ ನಿರ್ವಹಣೆ, ಫಲಿತಾಂಶ. ಎಂಟರಲ್ಲಿ ಫಲಿತಾಂಶ ಒಂದು, ಕೊನೆಯದು. ಸ್ವಚ್ಛತೆಗೆ 2015ರಿಂದ ಕಾಯಕಲ್ಪ ಪ್ರಶಸ್ತಿ, ಹೆರಿಗೆ ಕೋಣೆಗಳಿಗೆ 2017ರಿಂದ ಲಕ್ಷ್ಯ ಕಾರ್ಯಕ್ರಮ ಬಂದವು. ಇವುಗಳಿಂದ ಆದ ಬದಲಾವಣೆಯನ್ನು ಹಳೆಯ ಹೆರಿಗೆ ವಾರ್ಡು ನೋಡಿದ್ದ ಯಾರೂ ಅಲ್ಲಗಳೆಯಲಾರರು.

ಪ್ರಕ್ರಿಯೆ ಸರಿಯಾದರೆ ಫಲಿತಾಂಶ ತಾನಾಗಿಯೇ ಸರಿಯಾಗುತ್ತದೆ ಎಂಬ ನಂಬಿಕೆ ಈ ಎಲ್ಲದರ ಹಿಂದಿದೆ. ಅದನ್ನು ಪರೀಕ್ಷೆಗೆ ಒಡ್ಡಿದ ಕಥೆಯೊಂದು ಶುರುವಾಗುವುದು ಕರ್ನಾಟಕದಲ್ಲಿ. ವಿಶ್ವ ಆರೋಗ್ಯ ಸಂಸ್ಥೆ ಸುರಕ್ಷಿತ ಹೆರಿಗೆಗೆಂದು ಒಂದು ತಾಳೆಪಟ್ಟಿ ತಯಾರಿಸಿತ್ತು. ಕೈ ತೊಳೆಯುವುದು, ರಕ್ತದೊತ್ತಡ ನೋಡುವುದು, ಮಗುವನ್ನು ಬೆಚ್ಚಗಿಡುವುದು, ಬೇಗ ಹಾಲೂಡಿಸುವುದು ಇಂಥವು. 2010ರಲ್ಲಿ ನಮ್ಮ ರಾಜ್ಯದ ಒಂದು ಹೆರಿಗೆ ಕೇಂದ್ರದಲ್ಲಿ ಅದನ್ನು ಪ್ರಯೋಗಿಸಿ ನೋಡಿದರು. ಮಾಡಬೇಕಾದ 29 ಕೆಲಸಗಳಲ್ಲಿ ಮೊದಲು ಪ್ರತಿ ಹೆರಿಗೆಗೆ ಸರಾಸರಿ 10 ನಡೆಯುತ್ತಿದ್ದವು. ತಾಳೆಪಟ್ಟಿ ಬಂದ ಮೇಲೆ ಅದು 25ಕ್ಕೆ ಏರಿತು. ಹೊಸ ಯಂತ್ರವಿಲ್ಲ, ಹೊಸ ಕಟ್ಟಡವಿಲ್ಲ, ಒಂದು ಕಾಗದ ಮತ್ತು ಅದನ್ನು ಬಳಸಲು ಜೊತೆಗೆ ನಿಂತ ಜನ, ಅಷ್ಟೇ. ಎಲ್ಲರಿಗೂ ಖುಷಿಯಾಯಿತು.

ಆ ಖುಷಿಯಲ್ಲೇ ನಿಲ್ಲಲಿಲ್ಲ ಎಂಬುದು ಆ ಸಂಶೋಧಕರ ದೊಡ್ಡತನ. ಮುಂದೆ ಉತ್ತರ ಪ್ರದೇಶದ 24 ಜಿಲ್ಲೆಗಳ 120 ಆಸ್ಪತ್ರೆಗಳಲ್ಲಿ ಇದನ್ನು ದೊಡ್ಡದಾಗಿ ಪರೀಕ್ಷಿಸಿದರು. ಅರ್ಧದಷ್ಟು ಕಡೆ ತಾಳೆಪಟ್ಟಿ ಕೊಟ್ಟು ಎಂಟು ತಿಂಗಳು ಕಲಿಸಿದರು, ಉಳಿದರ್ಧ ಎಂದಿನಂತೆ ನಡೆದವು. ಒಂದೂವರೆ ಲಕ್ಷಕ್ಕೂ ಹೆಚ್ಚು ತಾಯಂದಿರು. ಹೆರಿಗೆಯಾದ ಒಂದು ವಾರದ ನಂತರ ಪ್ರತಿ ಮನೆಗೂ ಫೋನು ಹೋಯಿತು, ಸಿಗದಿದ್ದರೆ ಮನೆಗೇ ಜನ ಹೋದರು: ತಾಯಿ ಹೇಗಿದ್ದಾಳೆ, ಮಗು ಹೇಗಿದೆ? ನೂರಕ್ಕೆ 99ಕ್ಕೂ ಹೆಚ್ಚು ಜನರ ಉತ್ತರ ಸಿಕ್ಕಿತು. ಕಾಡ್‌ಮನ್ನನ ಕಾರ್ಡು ಇಷ್ಟು ದೊಡ್ಡದಾಗಿ ಭಾರತದ ಹಳ್ಳಿಗಳನ್ನು ಮುಟ್ಟಿದ್ದು ಬಹುಶಃ ಅದೇ ಮೊದಲು.

2017ರಲ್ಲಿ ಪ್ರಕಟವಾದ ಫಲಿತಾಂಶ ಯಾರೂ ಬಯಸಿದ್ದಾಗಿರಲಿಲ್ಲ. ಕಲಿಸಿದ ಆಸ್ಪತ್ರೆಗಳಲ್ಲಿ ಕೆಲಸ ಸುಧಾರಿಸಿತ್ತು: ಎರಡು ತಿಂಗಳ ಹೊತ್ತಿಗೆ ಮಾಡಬೇಕಾದ 18 ಕೆಲಸಗಳಲ್ಲಿ ಶೇ 73ರಷ್ಟು ನಡೆಯುತ್ತಿದ್ದವು, ಉಳಿದ ಕಡೆ ಶೇ 42. ಆದರೆ ತಾಯಿ ಅಥವಾ ಮಗುವಿನ ಸಾವು, ಇಲ್ಲವೇ ತಾಯಿಗೆ ಗಂಭೀರ ತೊಂದರೆ ಆದ ಹೆರಿಗೆಗಳ ಪ್ರಮಾಣ ಒಂದು ಕಡೆ ಶೇ 15.1, ಇನ್ನೊಂದು ಕಡೆ ಶೇ 15.3. ವ್ಯತ್ಯಾಸವೇ ಇಲ್ಲ. ಯಾಕೆ ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಮಾಡಿದ ಕೆಲಸಗಳ ಪ್ರಮಾಣ ಇನ್ನೂ ಸಾಲದಾಗಿತ್ತು, ಕಷ್ಟದ ಹೆರಿಗೆಯನ್ನು ಕಳಿಸಲು ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಇರಲಿಲ್ಲ, ರಕ್ತ ಮತ್ತು ನುರಿತ ಕೈಗಳ ಕೊರತೆ ಇತ್ತು ಎಂಬ ಕಾರಣಗಳನ್ನು ಕೊಡುತ್ತಾರೆ. ಆ ಒಂದು ಫೋನ್ ಕರೆ ಮಾಡದೇ ಹೋಗಿದ್ದರೆ ಈ ಚರ್ಚೆಯೇ ಹುಟ್ಟುತ್ತಿರಲಿಲ್ಲ. ಅಂಕಗಳು ಏರಿದ್ದನ್ನು ನೋಡಿ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು.

ಬ್ರಿಟಿಷ್ ಭಾರತದ ದವಾಖಾನೆಗಳ ವಾರ್ಷಿಕ ವರದಿಗಳನ್ನು ಓದುವವರಿಗೆ ಒಳರೋಗಿಗಳ ಕೋಷ್ಟಕ ಪರಿಚಿತ: ಗುಣವಾದವರು, ಉಪಶಮನ ಕಂಡವರು, ಬೇರೆ ರೀತಿ ಹೊರಟುಹೋದವರು, ತೀರಿಕೊಂಡವರು. ಈ ಕಾಲಂಗಳಲ್ಲಿ ನನ್ನ ಕಣ್ಣು ಸದಾ ಮೂರನೆಯದರ ಮೇಲೆ ನಿಲ್ಲುತ್ತದೆ. ಹೊರಟುಹೋದವರು ಎಲ್ಲಿಗೆ ಹೋದರು? ಆ ಕಾಲಂ ಇವತ್ತಿಗೂ ಬೇರೆ ಹೆಸರಲ್ಲಿ ಉಳಿದಿದೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಡಿಸ್ಚಾರ್ಜ್ ಮಾಡಿಸಿಕೊಂಡರು ಎಂದು ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಇನ್ನು ಏನೂ ಉಳಿದಿಲ್ಲ, ಮನೆಗೆ ಕರ್ಕೊಂಡು ಹೋಗಿ ಎಂಬ ಮಾತು ಕೇಳಿ, ದುಡ್ಡೂ ಮುಗಿದು, ಉಸಿರಿರುವಾಗಲೇ ಊರು ಸೇರಲಿ ಎಂದು ಹೊರಟ ಮನೆಯವರೂ ಅದೇ ಕಾಲಮ್ಮಿಗೆ ಸೇರುತ್ತಾರೆ. ಸಾವು ದಾರಿಯಲ್ಲೋ ಹಟ್ಟಿಯಲ್ಲೋ ಆಗುತ್ತದೆ. ಆಸ್ಪತ್ರೆಯ ಲೆಕ್ಕದಲ್ಲಿ ಅದು ಸಾವಾಗಿ ಬರುವುದೇ ಇಲ್ಲ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಕೆಲವೇ ದಿನಗಳಲ್ಲಿ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಇಡೀ ರಾಜ್ಯ ತಿರುಗಿ ನೋಡಿತು. ಕೊಟ್ಟ ಐವಿ ದ್ರಾವಣದ ಮೇಲೆ ಅನುಮಾನ ಬಂತು, ತಾಯಂದಿರ ಸಾವುಗಳ ಆಡಿಟ್ ಮಾಡಿಸುವುದಾಗಿ ಸರ್ಕಾರ ಹೇಳಿತು. ಅಲ್ಲಿ ಸಾವುಗಳು ಒಂದೇ ಕಡೆ, ಒಟ್ಟೊಟ್ಟಿಗೆ ಆದವು, ಹಾಗಾಗಿ ಕಣ್ಣಿಗೆ ಬಿದ್ದವು. ಅಷ್ಟೇ ಸಾವುಗಳು ಹತ್ತು ತಾಲ್ಲೂಕುಗಳಲ್ಲಿ, ಹತ್ತು ತಿಂಗಳಲ್ಲಿ ಚದುರಿಹೋಗಿದ್ದರೆ ಪ್ರತಿಯೊಂದಕ್ಕೂ ಒಂದೊಂದು ಕಾರಣ ಬರೆದು ಫೈಲು ಮುಚ್ಚಿಬಿಡಬಹುದಿತ್ತು. ಚದುರಿದ್ದನ್ನು ಒಂದೆಡೆ ಸೇರಿಸಿ ತೋರಿಸುವುದೇ ಎಣಿಕೆಯ ಕೆಲಸ.

ನೈಟಿಂಗೇಲ್ ಎದುರಿಸಿದ ತೊಡಕು ಈಗಲೂ ಇದೆ, ಆದರೆ ದಾರಿ ಇಲ್ಲದಿಲ್ಲ. ಆಸ್ಪತ್ರೆಗಳಿಗೆ ಒಂದನೆಯ ಎರಡನೆಯ ಸ್ಥಾನ ಕೊಡದೆಯೂ ಫಲಿತಾಂಶ ನೋಡಬಹುದು. ಒಂದೇ ಆಸ್ಪತ್ರೆಯನ್ನು ಅದರ ಕಳೆದ ವರ್ಷದ ಜೊತೆ ಹೋಲಿಸಬಹುದು, ಪ್ರತಿ ಕೆಟ್ಟ ಫಲಿತಾಂಶಕ್ಕೂ ಯಾಕೆ ಎಂದು ಕೇಳಬಹುದು. ಕಾಡ್‌ಮನ್ನನ ಕಾರ್ಡಿನ ತಿರುಳು ಆ ‘ಯಾಕೆ’ಯಲ್ಲಿತ್ತು. ಆತ ಕಾರಣಗಳನ್ನು ವಿಂಗಡಿಸಿದ ರೀತಿಯಲ್ಲಿ ಸಲಕರಣೆಯ ಕೊರತೆಗೂ ವೈದ್ಯರ ತಪ್ಪಿಗೂ ಬೇರೆಬೇರೆ ಜಾಗವಿದೆ. ಇದು ನಮ್ಮ ಆಸ್ಪತ್ರೆಗಳಲ್ಲಿ ದುಡಿಯುವ ವೈದ್ಯರನ್ನೂ ದಾದಿಯರನ್ನೂ ಕಾಪಾಡುವಂಥದು. ರಕ್ತ ಸಿಗದೆ ತಾಯಿ ಸತ್ತರೆ ಅದು ಡ್ಯೂಟಿಯಲ್ಲಿದ್ದವರ ತಲೆಗೆ ಬರಬಾರದು, ರಕ್ತನಿಧಿ ಇಲ್ಲದ ತಾಲ್ಲೂಕಿನ ಲೆಕ್ಕಕ್ಕೆ ಹೋಗಬೇಕು.

ಅದಕ್ಕೆ ಬೇಕಾದ ಮಾಹಿತಿ ನಮ್ಮಲ್ಲಿ ಅರ್ಧ ಸಿದ್ಧವಾಗಿಯೇ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮನೆಗೆ ಬಂದ ಮಗುವನ್ನು ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ 42ನೆಯ ದಿನದವರೆಗೆ ಆರು ಸಲ ನೋಡಬೇಕೆಂಬ ನಿಯಮವಿದೆ. ಅಂದರೆ ಹೆರಿಗೆಯ ಅಂತಿಮ ಫಲಿತಾಂಶ ಆಕೆಗೆ ಗೊತ್ತಿರುತ್ತದೆ. ತಾಯಿಗೆ ಜ್ವರ ಬಂತೇ, ಹೊಲಿಗೆ ಕೀವಾಯಿತೇ, ಮಗು ಹಾಲು ಕುಡಿಯುತ್ತಿದೆಯೇ ಎಂಬುದನ್ನು ಆಕೆ ಕಂಡಿರುತ್ತಾಳೆ, ಬರೆದೂ ಇರುತ್ತಾಳೆ. ಆ ಬರಹ ಮೇಲಕ್ಕೆ, ಅಂಕಿಅಂಶವಾಗಿ, ಜಿಲ್ಲೆಗೂ ರಾಜಧಾನಿಗೂ ಹೋಗುತ್ತದೆ. ಹೆರಿಗೆ ಮಾಡಿಸಿದ ದಾದಿಗೆ, ಹೊಲಿಗೆ ಹಾಕಿದ ವೈದ್ಯೆಗೆ ಅದು ವಾಪಸ್ ತಲುಪುವ ದಾರಿಯನ್ನು ನಾವು ಗಟ್ಟಿಯಾಗಿ ಕಟ್ಟಿಲ್ಲ. ತಿಂಗಳಿಗೊಮ್ಮೆ ಆ ಇಬ್ಬರೂ ಆಶಾಳ ಜೊತೆ ಕೂತು, ಹೋದ ತಿಂಗಳು ನಮ್ಮಲ್ಲಿಂದ ಹೋದವರೆಲ್ಲ ಹೇಗಿದ್ದಾರೆ ಎಂದು ಒಂದೊಂದೇ ಹೆಸರು ಹಿಡಿದು ಕೇಳಿದರೆ ಸಾಕು, ಶುರುವಾದಂತೆಯೇ. ಇದಕ್ಕೆ ಖರ್ಚು ಹೆಚ್ಚಿಲ್ಲ. ಕೇಳಿದ್ದಕ್ಕೆ ಬಂದ ಉತ್ತರದಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ ಎಂಬ ಭರವಸೆ ಮಾತ್ರ ಬೇಕು. ಆ ಭರವಸೆ ಇಲ್ಲದ ಕಡೆ ಪಟ್ಟಿಗಳು ಒಲೆಗೇ ಹೋಗುತ್ತವೆ.

ಕಾಡ್‌ಮನ್ ಮುಂದೆ ಮೂಳೆಯ ಕ್ಯಾನ್ಸರ್ ರೋಗಿಗಳ ನೋಂದಣಿಯನ್ನು 1920ರಲ್ಲಿ ಆರಂಭಿಸಿದ, ಭುಜದ ಕಾಯಿಲೆಗಳ ಮೇಲೆ 1934ರಲ್ಲಿ ದೊಡ್ಡ ಪುಸ್ತಕ ಬರೆದ, 1940ರಲ್ಲಿ ತೀರಿಕೊಂಡ. ಸಮಾಧಿಗೆ ಕಲ್ಲು ಕೂಡ ಇರಲಿಲ್ಲ. ಆ ಒಂದು ಪುಟದ ಮಾನದಂಡದ ಮುಂದುವರಿಕೆಯಾಗಿ 1951ರಲ್ಲಿ ಹುಟ್ಟಿದ ಜಾಯಿಂಟ್ ಕಮಿಷನ್ ಎಂಬ ಮಾನ್ಯತಾ ಸಂಸ್ಥೆ 1996ರಲ್ಲಿ ಆತನ ಹೆಸರಿನಲ್ಲೊಂದು ಪ್ರಶಸ್ತಿ ಇಟ್ಟಿತು. 2014ರಲ್ಲಿ ವೈದ್ಯರೇ ಕೂಡಿ ಆತನ ಸಮಾಧಿಯ ಮೇಲೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ಆತನ ಪ್ರಶ್ನೆ ಮಾತ್ರ ಆ ಕಲ್ಲಿಗಾಗಿ ಕಾಯುತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಬಾಣಂತಿಯನ್ನು ಆಟೋ ಹತ್ತಿಸುವಾಗ ಅದು ಪ್ರತಿದಿನ ಎದುರಾಗುತ್ತದೆ, ಕೇಳುವವರು ಯಾರಾದರೂ ಇದ್ದರೆ.